ಚಾರ್ಜರ್‌ಗೆ ನಿಲ್ಲಿಸೋದು ಗೊತ್ತಿರಬೇಕು

ನಾನು ಓದಿದ್ದು ಬಿ.ಇ., ಅದೂ ಕಂಪ್ಯೂಟರ್ ಸೈನ್ಸ್. ಆದರೆ ಊರಲ್ಲಿ ಬಿ.ಇ. ಅಂದ್ರೆ ಬಿ.ಇ. ಅಷ್ಟೆ. ಪಂಪ್‌ಸೆಟ್ ಸುಟ್ಟರೂ ನನಗೇ ಫೋನು, ಟಿವಿ ಕೈಕೊಟ್ಟರೂ ನನಗೇ ಫೋನು. ಹೋದ ತಿಂಗಳು ಚಿಕ್ಕಪ್ಪನ ಸರದಿ. "ಟ್ರ್ಯಾಕ್ಟರ್ ಮೂರು ತಿಂಗ್ಳಿಂದ ನಿಂತೈತೆ, ಬ್ಯಾಟ್ರಿ ಇಳ್ದೋಗೈತೆ. ಚಾರ್ಜರ್ ಎಂಟ್ನೂರು ರೂಪಾಯ್ದೂ ಐತೆ, ಮೂರು ಸಾವಿರದ್ದೂ ಐತೆ. ಯಾವ್ದು ತಗೊಳ್ಳಾನ ಹೇಳಪ್ಪ?" ತಪ್ಪು ಚಾರ್ಜರ್ ತಗೊಂಡರೆ ಹೋಗೋದು ಎಂಟ್ನೂರಲ್ಲ, ಅದರ ಎಷ್ಟೋ ಪಟ್ಟು ಬೆಲೆಯ ಬ್ಯಾಟರಿ. ಸರಿಯಾದ ಉತ್ತರಕ್ಕೆ ನಾನು 1859ರವರೆಗೆ ಹಿಂದೆ ಹೋಗಬೇಕಾಯಿತು.

ಆ ವರ್ಷ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಖಾಲಿಯಾದರೆ ಮತ್ತೆ ತುಂಬಬಹುದಾದ ಬ್ಯಾಟರಿ ಹುಟ್ಟಿತು. ಆದರೆ ತುಂಬೋದು ಯಾವುದರಿಂದ? ಗೋಡೆಯಲ್ಲಿ ಪ್ಲಗ್ ಇರಲಿಲ್ಲ, ಕೆಲಸಕ್ಕೆ ಬರೋವಂಥ ಡೈನಮೊ ಕೂಡ ಇರಲಿಲ್ಲ. ಒಮ್ಮೆ ಬಳಸಿದರೆ ಮುಗಿದುಹೋಗುವ ಬೇರೆ ಜಾತಿಯ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ಇದಕ್ಕೆ ಕರೆಂಟು ಕೊಡುತ್ತಿದ್ದರು. ಅಂದರೆ ಇದರ ಮೊದಲ ಚಾರ್ಜರ್ ಕೂಡ ಬ್ಯಾಟರಿಯೇ!

1881ರಲ್ಲಿ ಕಾಮಿಲ್ ಫೋರ್ ಸೀಸದ ಮೇಲೆ ಪೇಸ್ಟ್ ಮೆತ್ತಿ ಬ್ಯಾಟರಿಯ ಶಕ್ತಿ ಹೆಚ್ಚಿಸಿದ ಮೇಲೆ ಅದು ಗಾಡಿ ಏರಿತು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ನಾಲ್ಕು ಸಾವಿರ ಚಿಲ್ಲರೆ ಕಾರುಗಳಲ್ಲಿ 1575 ಕಾರುಗಳು ಬ್ಯಾಟರಿಯವು. ಅಲ್ಲಿ ಹೊಸ ತಲೆನೋವು ಶುರು. ಬ್ಯಾಟರಿಗೆ ಬೇಕಾದ್ದು ಡಿ.ಸಿ., ಹಲವು ಊರುಗಳಿಗೆ ಬರುತ್ತಿದ್ದದ್ದು ಎ.ಸಿ. (ಶಿವನಸಮುದ್ರದಿಂದ 1905ರಲ್ಲಿ ಬೆಂಗಳೂರಿಗೆ ಬಂದ ಕರೆಂಟೂ ಎ.ಸಿ.ಯೇ.) 1902ರಲ್ಲಿ ಪೀಟರ್ ಕೂಪರ್ ಹೆವಿಟ್ ಪಾದರಸದ ಆವಿಯಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡುವ ಗಾಜಿನ ಬುರುಡೆ ಕಂಡುಹಿಡಿದ. ಉಳ್ಳವರ ಗ್ಯಾರೇಜುಗಳಲ್ಲಿ ರಾತ್ರಿಯೆಲ್ಲ ಅದು ನೀಲಿಯಾಗಿ ಉರಿಯುತ್ತಿತ್ತು, ಕಾರು ಚಾರ್ಜ್ ಆಗುತ್ತಿತ್ತು. 1912ರ ಕ್ಯಾಡಿಲಾಕ್‌ನಲ್ಲಿ ಸೆಲ್ಫ್ ಸ್ಟಾರ್ಟರ್ ಬಂತು. ಹ್ಯಾಂಡಲ್ ತಿರುಗಿಸೋ ಕಷ್ಟ ತಪ್ಪಿದ ಮೇಲೆ ಜನ ಪೆಟ್ರೋಲ್ ಕಾರಿನತ್ತ ವಾಲಿದರು. ತಮಾಷೆ ನೋಡಿ, ಬ್ಯಾಟರಿ ಕಾರನ್ನು ಮೂಲೆಗೆ ತಳ್ಳಿದ್ದರಲ್ಲಿ ಬ್ಯಾಟರಿಯದ್ದೂ ಕೈ ಇದೆ.

ಇಷ್ಟಾದರೂ ಅಸಲಿ ಪ್ರಶ್ನೆ ಹಾಗೇ ಉಳಿದಿತ್ತು: ಯಾವಾಗ ನಿಲ್ಲಿಸೋದು?

ಸೀಸದ ಬ್ಯಾಟರಿ ಹಸಿದಾಗ ಕೊಟ್ಟದ್ದನ್ನೆಲ್ಲ ತಿನ್ನುತ್ತೆ. ಒಂದೊಂದು ಸೆಲ್ ಸುಮಾರು 2.4 ವೋಲ್ಟ್ ದಾಟಿದರೆ, ಅಂದರೆ ಆರು ಸೆಲ್ಲಿನ 12 ವೋಲ್ಟ್ ಬ್ಯಾಟರಿ 14.4 ದಾಟಿದರೆ, ಕರೆಂಟು ಒಳಗಿನ ನೀರನ್ನೇ ಒಡೆಯೋಕೆ ಶುರು ಮಾಡುತ್ತೆ. ಗುಳ್ಳೆ ಬರುತ್ತೆ, ಹೈಡ್ರೋಜನ್ ಹೊರಡುತ್ತೆ, ಕಿಡಿ ತಾಗಿದರೆ ಸಿಡಿಯುತ್ತೆ. ಹಾಗಂತ ಅರೆಹೊಟ್ಟೆಯಲ್ಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಕಟ್ಟುತ್ತೆ. ಆಮೇಲೆ ಎಷ್ಟು ಉಣಿಸಿದರೂ ಮೈಗೆ ಹತ್ತಲ್ಲ.

ಹಳೇ ಚಾರ್ಜರುಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಂಗಡಿಯವನಿಗೆ. ನಾನು ಚಿಕ್ಕವನಿದ್ದಾಗ ನಮ್ಮ ಬ್ಲ್ಯಾಕ್ ಅಂಡ್ ವೈಟ್ ಟಿವಿ 12 ವೋಲ್ಟಲ್ಲೂ ಓಡುತ್ತಿತ್ತು. ಕ್ರಿಕೆಟ್ ಮ್ಯಾಚ್ ಬಂದರೆ ಸೈಕಲ್ ಕ್ಯಾರಿಯರಿಗೆ ಬ್ಯಾಟರಿ ಕಟ್ಟಿಕೊಂಡು ಪೇಟೆಯ ಚಾರ್ಜಿಂಗ್ ಅಂಗಡಿಗೆ ಹೋಗೋದು. ಅಲ್ಲಿ ಹತ್ತು ಹದಿನೈದು ಬ್ಯಾಟರಿ ಸಾಲಾಗಿ ಕೂತಿರುತ್ತಿದ್ದವು. ಅಂಗಡಿಯವರ ಲುಂಗಿ ತುಂಬ ಆಸಿಡ್ ತೂತು. ಅವರು ಮುಚ್ಚಳ ಬಿಚ್ಚಿ ಗುಳ್ಳೆ ನೋಡೋರು, ಮೇಲೆ ಕೈಯಿಟ್ಟು ಬಿಸಿ ನೋಡೋರು, ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು ತೇಲುವ ಕಡ್ಡಿ ನೋಡೋರು. "ಇನ್ನೂ ಆಗಿಲ್ಲ, ನಾಳೆ ಬಾ" ಅಂದರೆ ಮ್ಯಾಚ್ ಹೋದಂಗೆ.

1930ರ ದಶಕದಲ್ಲಿ ಸೆಲೆನಿಯಂ ರೆಕ್ಟಿಫೈಯರ್ ಬಂತು, ಆಮೇಲೆ ಸಿಲಿಕಾನ್ ಡಯೋಡ್. ಚಾರ್ಜರ್ ಚಿಕ್ಕದಾಯಿತು, ಅಗ್ಗವಾಯಿತು, ಬುದ್ಧಿಯೇನೂ ಬರಲಿಲ್ಲ. ನನ್ನ ಪ್ರಕಾರ ದೊಡ್ಡ ತಿರುವು ಚಾರ್ಜರಿನಿಂದಲ್ಲ, ಬ್ಯಾಟರಿಯ ಮುಚ್ಚಳದಿಂದ ಬಂತು. 1957ರಲ್ಲಿ ಜರ್ಮನಿಯಲ್ಲಿ ಜೆಲ್ ಬ್ಯಾಟರಿ, 1970ರ ದಶಕದಲ್ಲಿ ಅಮೆರಿಕದಲ್ಲಿ ಆಸಿಡ್ಡನ್ನು ಗಾಜಿನ ನಾರಿನ ಚಾಪೆಯಲ್ಲಿ ಹೀರಿಸಿಟ್ಟ ಎ.ಜಿ.ಎಂ. ಬಂದವು. ಎರಡೂ ಸೀಲ್ ಆದವು. ನೀರು ಕಳೆದುಕೊಂಡರೆ ಮತ್ತೆ ಹಾಕುವಂತಿಲ್ಲ, ಹೈಡ್ರೋಮೀಟರ್ ಇಳಿಸೋಕೆ ತೂತೇ ಇಲ್ಲ. ಅಂಗಡಿಯವರ ಕಣ್ಣು ಮಾಡುತ್ತಿದ್ದ ಕೆಲಸವನ್ನು ಸರ್ಕಿಟ್ಟು ಮಾಡಲೇಬೇಕಾಯಿತು. ಮೊದಲು ಪೂರ್ತಿ ಕರೆಂಟು, 14.4ರ ಹತ್ತಿರ ಬಂದಮೇಲೆ ವೋಲ್ಟೇಜ್ ಹಿಡಿದಿಟ್ಟು ಕರೆಂಟು ತಾನಾಗಿ ಇಳಿಯಲು ಬಿಡೋದು; ಕೊನೆಗೆ 13.5ರ ಆಸುಪಾಸಿನಲ್ಲಿ ಸುಮ್ಮನೆ ಕಾಯೋದು. ಇವತ್ತು ಡಬ್ಬದ ಮೇಲೆ 'ತ್ರೀ ಸ್ಟೇಜ್' ಅಂತ ಬರೆದಿರೋದು ಇದನ್ನೇ.

ಎಂಟ್ನೂರರ ಡಬ್ಬದಲ್ಲಿ ಸಾಮಾನ್ಯವಾಗಿ ಒಂದು ಟ್ರಾನ್ಸ್‌ಫಾರ್ಮರು, ಡಯೋಡು ಇರುತ್ತೆ ಅಷ್ಟೆ. ಪಕ್ಕದಲ್ಲಿ ಮೀಟರ್ ಹಿಡಿದು ಕೂರೋರಿಗೆ ಅದೂ ಸಾಕು. ಚಿಕ್ಕಪ್ಪ ಕೂರೋರಲ್ಲ, ರಾತ್ರಿ ತ್ರೀ ಫೇಸ್ ಬಂದರೆ ತೋಟಕ್ಕೆ ನೀರು ಬಿಡೋಕೆ ಓಡೋರು. ಅವರಿಗೆ ತಾನೇ ಇಳಿಸಿಕೊಳ್ಳೋ ಚಾರ್ಜರೇ ಬೇಕು. ಅವರದ್ದು 88 ಆಂಪಿಯರ್-ಅವರ್ ಬ್ಯಾಟರಿ. ಅದರ ಹತ್ತನೇ ಒಂದು ಭಾಗ, ಅಂದರೆ ಎಂಟೊಂಬತ್ತು ಆಂಪಿಯರ್ ಸಾಕು. ನಾಲ್ಕಾದರೂ ಅಡ್ಡಿಯಿಲ್ಲ, ಹೊತ್ತು ಹಿಡಿಯುತ್ತೆ ಅಷ್ಟೆ. ಅದೇ ಚಾರ್ಜರನ್ನು ತಮ್ಮನ ಬೈಕಿನ 5 ಆಂಪಿಯರ್-ಅವರ್ ಬ್ಯಾಟರಿಗೆ ಸಿಕ್ಕಿಸಿದರೆ ಮಾತ್ರ ಕಥೆ ಮುಗೀತು.

ಇನ್ನು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಲೆಕ್ಕವೇ ಬೇರೆ. ನಾಲ್ಕು ಸೆಲ್, 14.6 ವೋಲ್ಟಿನ ಗಡಿ, ತುಂಬಿದ ಮೇಲೆ ಕಾಯೋ ಅಗತ್ಯವೇ ಇಲ್ಲ. ಸೀಸದ ಚಾರ್ಜರುಗಳಲ್ಲಿ ಸಲ್ಫೇಟ್ ಕರಗಿಸೋಕೆ ಅಂತ ಜೋರು ವೋಲ್ಟೇಜ್ ಬಡಿಯುವ ಒಂದು ಬಟನ್ ಇರುತ್ತಲ್ಲ, ಲಿಥಿಯಂ ಕಟ್ಟಿದಾಗ ಅದನ್ನು ಮುಟ್ಟಲೇಬೇಡಿ.