ಮೈಸೂರಿನ ಜಾವಾ

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರಿದ್ದ ೧೯೬೧ರಲ್ಲಿ, ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಮೈಸೂರು ನಗರದಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದರು. ಜೆಕೊಸ್ಲೊವಾಕಿಯಾದಲ್ಲಿ ೧೯೨೯ರಲ್ಲಿ ಹುಟ್ಟಿದ ಜಾವಾ ಗಾಡಿ ಹೀಗೆ ನಮ್ಮದಾಯಿತು. ಆಮೇಲೆ ಯೆಜ್ಡಿ ಎಂಬ ಹೆಸರು ತಾಳಿ, ೧೯೯೬ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ನಡೆಯಿತು. ಕಿಕ್ ಹೊಡೆದ ಲಿವರಿನಿಂದಲೇ ಗೇರು ಹಾಕುವ ಅದರ ಚಮತ್ಕಾರವನ್ನು ಮರೆತವರುಂಟೆ!

ಊರು ಬಿಟ್ಟು ಬಂದ ನಾವು ಅಂಥದೊಂದನ್ನು ಮನೆಯಲ್ಲೇ ಬಿಚ್ಚಿ ಸರಿಪಡಿಸಿದೆವು. ಬಣ್ಣ ಬಳಿಯುವುದು ಸುಲಭ, ಪ್ರಾಣವಿರುವುದು ಬ್ರೇಕಿನಲ್ಲಿ. ಎರಡು ಚಕ್ರಕ್ಕೂ ಡ್ರಮ್ ಬ್ರೇಕು. ಶೂಗಳು ಗ್ರೀಸು ಕುಡಿದಿದ್ದವು, ಅವನ್ನು ಅಗಲಿಸುವ ಕ್ಯಾಮ್ ತುಕ್ಕು ಹಿಡಿದಿತ್ತು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿದೆವು. ಎಲ್ಲವೂ ಅಸಲೇ ಇರಲೆಂಬ ಹಟವನ್ನು ಇಲ್ಲಿ ಬಿಟ್ಟು, ಹೊಸ ಲೈನಿಂಗು ಅಂಟಿಸಿ, ಮುಂದಿನ ಕೇಬಲನ್ನೂ ಬದಲಾಯಿಸಿದೆವು.