ಇಂಗಾಲದ ಡೈ ಆಕ್ಸೈಡಿನ ರೋಹಿತ: ಒಂದು ತೀರ್ಪಿನ ಚರಿತ್ರೆ

ವಿಜ್ಞಾನದ ಚರಿತ್ರೆಯಲ್ಲಿ ಸಿದ್ಧಾಂತಗಳಿಗೆ ದೊರೆಯುವ ಪ್ರಾಧಾನ್ಯ ಅಳತೆಗಳಿಗೆ ದೊರೆಯುವುದು ವಿರಳ. ಆದರೆ ಅಳತೆಯ ಸ್ಥೂಲತೆಯಿಂದಾಗಿ ಸರಿಯಾದ ವಿಚಾರವೊಂದು ಅರ್ಧ ಶತಮಾನದಷ್ಟು ಕಾಲ ಹಿಂದೆ ಬಿದ್ದ ಪ್ರಸಂಗವುಂಟು. ಅದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಇಂಗಾಲದ ಡೈ ಆಕ್ಸೈಡು ಶಾಖಕಿರಣಗಳನ್ನು ಹೀರುವುದೆಂದು 1859ರಲ್ಲಿ ಜಾನ್ ಟಿಂಡಲನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಯೋಗದಿಂದ ತೋರಿಸಿದನು. ವಾಯುಮಂಡಲದಲ್ಲಿ ಈ ಅನಿಲ ಹೆಚ್ಚಿದರೆ ಭೂಮಿಯ ಉಷ್ಣತೆಯೂ ಏರುವುದೆಂದು 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸನು ಗಣಿಸಿದನು. ಚಂದ್ರನಿಂದ ಬರುವ ಕಿರಣಗಳನ್ನು ಕುರಿತು ಅಮೆರಿಕದ ಲ್ಯಾಂಗ್ಲಿಯು ಮಾಡಿದ್ದ ಅಳತೆಗಳೇ ಅವನಿಗೆ ಆಧಾರ.

1900ರಲ್ಲಿ ಅದೇ ದೇಶದ ಕ್ನೂಟ್ ಆಂಗ್‌ಸ್ಟ್ರಮನು ಇದನ್ನು ಅಲ್ಲಗಳೆದನು. ಅವನ ಸಹಾಯಕನು 30 ಸೆಂಟಿಮೀಟರ್ ಉದ್ದದ ನಳಿಗೆಯಲ್ಲಿ ಅನಿಲವನ್ನು ತುಂಬಿ, ಒತ್ತಡವನ್ನು ಮೂರನೆಯ ಒಂದು ಪಾಲಿನಷ್ಟು ಇಳಿಸಿ ನೋಡಿದಾಗ, ಕಿರಣಗಳ ಹೀರಿಕೆಯಲ್ಲಿ ಕಂಡ ವ್ಯತ್ಯಾಸ ಅತ್ಯಲ್ಪ. ಇರುವ ಅನಿಲವೇ ಹೀರಬಹುದಾದುದನ್ನೆಲ್ಲ ಹೀರುತ್ತಿದೆ, ಇನ್ನಷ್ಟು ಸೇರಿದರೂ ಫಲವಿಲ್ಲ ಎಂಬುದು ಆಂಗ್‌ಸ್ಟ್ರಮನ ತೀರ್ಪು. ಅರ್ಹೇನಿಯಸನು ಮರುವರ್ಷವೇ ಉತ್ತರ ಕೊಟ್ಟನಾದರೂ ಬಹುಮಂದಿ ವಿದ್ವಾಂಸರು ಈ ತೀರ್ಪನ್ನೇ ಒಪ್ಪಿದರು.

ದೋಷವೆಲ್ಲಿತ್ತು? ಅಂದಿನ ಉಪಕರಣಕ್ಕೆ ಒಂದೇ ಅಗಲವಾದ ಪಟ್ಟಿಯಾಗಿ ತೋರಿದುದು ವಾಸ್ತವವಾಗಿ ಅಸಂಖ್ಯ ಸೂಕ್ಷ್ಮರೇಖೆಗಳ ಸಮೂಹ. ರೇಖೆಯ ನಡುಭಾಗದಲ್ಲಿ ಹೀರಿಕೆ ಪೂರ್ಣಗೊಂಡಿದ್ದರೂ ಅಂಚುಗಳಲ್ಲಿ ಅವಕಾಶ ಉಳಿದಿರುತ್ತದೆ. ಮೇಲಾಗಿ, ಎತ್ತರಕ್ಕೆ ಹೋದಂತೆ ಒತ್ತಡ ತಗ್ಗಿ ರೇಖೆಗಳು ಕಿರಿದಾಗುತ್ತವೆ. ನೆಲಮಟ್ಟದ ನಳಿಗೆ ಇಡೀ ವಾಯುಮಂಡಲದ ಪ್ರತಿನಿಧಿಯಾಗಲಾರದು. 1956ರಲ್ಲಿ ಗಿಲ್ಬರ್ಟ್ ಪ್ಲಾಸನು ಹೊಸ ಅಳತೆಗಳನ್ನೂ ಗಣಕಯಂತ್ರವನ್ನೂ ಬಳಸಿ ಇದನ್ನು ಸ್ಪಷ್ಟಪಡಿಸಿದನು. ಅರ್ಹೇನಿಯಸನ ಅಂಕಿಗಳು ಹೆಚ್ಚಾಗಿದ್ದರೂ ಅವನ ದಾರಿ ಸರಿಯಾಗಿತ್ತು.

ಈ ಪಾಠ ಇಂದಿಗೂ ಹಳತಾಗಿಲ್ಲ. 2014ರಲ್ಲಿ ಅಮೆರಿಕವು ಹಾರಿಸಿದ ಓಸಿಓ-2 ಉಪಗ್ರಹವು, ಭೂಮಿಯಿಂದ ಪ್ರತಿಫಲಿಸಿದ ಬಿಸಿಲಿನಲ್ಲಿ 1.61 ಮತ್ತು 2.06 ಮೈಕ್ರೊಮೀಟರುಗಳ ಸುತ್ತಣ ರೇಖೆಗಳನ್ನು ಅಳೆದು ಈ ಅನಿಲದ ಪ್ರಮಾಣವನ್ನು ತಿಳಿಸುವಂತೆ ರಚಿತವಾದುದು. ಹತ್ತು ಲಕ್ಷಕ್ಕೆ ಸುಮಾರು 400 ಭಾಗವಿರುವಲ್ಲಿ ಒಂದು ಭಾಗದ ವ್ಯತ್ಯಾಸವನ್ನು ಗುರುತಿಸಬೇಕು. ಅಂದರೆ ನೂರಕ್ಕೆ ಕಾಲು ಪಾಲು. ಪ್ರತಿಯೊಂದು ರೇಖೆಯ ತೀವ್ರತೆ, ಅಗಲ, ಒತ್ತಡ ಮತ್ತು ಉಷ್ಣತೆಗಳೊಡನೆ ಅದು ಬದಲಾಗುವ ಬಗೆ, ಇವೆಲ್ಲವೂ ಪ್ರಯೋಗಶಾಲೆಯಲ್ಲಿ ಅಷ್ಟೇ ನಿಖರವಾಗಿ ನಿರ್ಧಾರವಾಗದಿದ್ದರೆ, ಅಲ್ಲಿಯ ತಪ್ಪು ಆಕಾಶದಲ್ಲಿ ಇಲ್ಲದ ಅನಿಲವಾಗಿ ತೋರುವುದು.

ಆಂಗ್‌ಸ್ಟ್ರಮನನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಉಪಕರಣ ತೋರಿದುದನ್ನೇ ಅವನು ವರದಿಮಾಡಿದನು. ನಳಿಗೆಯ ಸಾಕ್ಷ್ಯಕ್ಕೆ ಆಕಾಶದ ಬಗೆಗೆ ತೀರ್ಪು ಕೊಡುವ ಅಧಿಕಾರ ಎಷ್ಟೆಂದು ವಿಚಾರಿಸದೆ ಹೋದುದೇ ಲೋಪ. ಶಾಸನವೊಂದರಿಂದ ಇಡೀ ರಾಜ್ಯದ ಸ್ಥಿತಿಯನ್ನು ಊಹಿಸುವ ನಾವೂ ಇದನ್ನು ನೆನೆಯತಕ್ಕದ್ದು.