ಎ ರೈಸಿನ್ ಇನ್ ದ ಸನ್
ಲೊರೇನ್ ಹ್ಯಾನ್ಸ್‌ಬೆರಿಯವರ ಅದೇ ಹೆಸರಿನ ನಾಟಕವನ್ನು ಆಧರಿಸಿ 1961ರಲ್ಲಿ ತೆರೆಕಂಡ ಅಮೆರಿಕದ ಕಪ್ಪು-ಬಿಳುಪು ಚಲನಚಿತ್ರ. ನಿರ್ದೇಶನ ಡೇನಿಯಲ್ ಪೆಟ್ರಿ, ಚಿತ್ರಕಥೆ ಹ್ಯಾನ್ಸ್‌ಬೆರಿಯವರದೇ. 1959ರಲ್ಲಿ ಪ್ರದರ್ಶನಗೊಂಡ ಮೂಲಕೃತಿ, ಬ್ರಾಡ್‌ವೇ ರಂಗಭೂಮಿಯೇರಿದ ಆಫ್ರಿಕನ್-ಅಮೆರಿಕನ್ ಲೇಖಕಿಯ ಮೊದಲ ನಾಟಕ. ಷಿಕಾಗೋದ ದಕ್ಷಿಣ ಭಾಗದ ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿರುವ ಯಂಗರ್ ಕುಟುಂಬ, 10,000 ಡಾಲರ್ ವಿಮಾಹಣ ಬಂದಾಗ ಬಿಳಿಯರ ಬಡಾವಣೆಯಲ್ಲಿ ಮನೆ ಕೊಳ್ಳಹೊರಟು ವಿರೋಧ ಎದುರಿಸುವುದು ಕಥಾವಸ್ತು. ವರ್ಣಭೇದದ ಜೊತೆಗೆ ಹೆಣ್ಣಿನ ಬದುಕಿನ ಮೂರು ನೆಲೆಗಳು ಇಲ್ಲಿ ನಿರೂಪಿತವಾಗಿವೆ: ಸಂಸಾರದ ನೊಗ ಹೊತ್ತ ತಾಯಿ ಲೀನಾ (ಕ್ಲಾಡಿಯಾ ಮೆಕ್‌ನೀಲ್), ಬಡತನದಲ್ಲಿ ಗರ್ಭ ಉಳಿಸಿಕೊಳ್ಳಬೇಕೇ ಎಂಬ ಇಕ್ಕಟ್ಟಿಗೆ ಸಿಲುಕಿದ ಸೊಸೆ ರೂತ್ (ರೂಬಿ ಡೀ), ವೈದ್ಯೆಯಾಗಬಯಸುವ, ಆಫ್ರಿಕದ ಬೇರುಗಳನ್ನು ಅರಸುವ ಮಗಳು ಬೆನೀಥಾ (ಡಯಾನಾ ಸ್ಯಾಂಡ್ಸ್). ಮಗ ವಾಲ್ಟರ್ ಪಾತ್ರ ಸಿಡ್ನಿ ಪಾಯ್ಟಿಯೇ ಅವರದು. 2005ರಲ್ಲಿ ಚಿತ್ರವು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರ್ಪಡೆಯಾಯಿತು.